ಹಾಕದೆ ಬಿಟ್ಟ ಅಪ್‌ಡೇಟ್

ಆಗಸ್ಟ್ ೧೪, ಗುರುವಾರ. ರೋಣ.

ಇಂದು ಅಪ್‌ಡೇಟ್ ಹಾಕಿದೆ, ಹನ್ನೊಂದು ದಿನ ತಡವಾಗಿ.

ಮಲಪ್ರಭೆ ಏರಿದರೆ ಹೊಳೆದಂಡೆಯ ಊರುಗಳಿಗೆ ಮೆಸೇಜ್ ಕಳಿಸುವ ನಮ್ಮ ಸರ್ವರ್ ನಸುಕಿನ ನಾಲ್ಕಕ್ಕೆ ನಿಂತುಹೋಗಿತ್ತು. ಅದರ ಕರ್ನಲ್‌ನಲ್ಲಿ, ಅಂದರೆ ಯಂತ್ರ ನಡೆಸುವ ಮೂಲ ತಂತ್ರಾಂಶದಲ್ಲಿ, ದೋಷವಿದೆ, ಹೊರಗಿನಿಂದ ಯಾರಾದರೂ ಇಂಟರ್ನೆಟ್ ಮೂಲಕ ಒಂದು ಕೆಟ್ಟ ಡೇಟಾ ಪ್ಯಾಕೆಟ್ ಕಳಿಸಿದರೂ ಇಡೀ ಯಂತ್ರ ಸ್ತಬ್ಧವಾಗುತ್ತದೆ ಎಂಬ ಎಚ್ಚರಿಕೆಯನ್ನು ನಾನು ಓದಿದ್ದೆ. ಅದನ್ನು ಸರಿಪಡಿಸುವ ಅಪ್‌ಡೇಟ್ ಹಾಕಲು ಹತ್ತು ನಿಮಿಷ ಯಂತ್ರ ನಿಲ್ಲಿಸಬೇಕು. ಮಳೆಯ ದಿನಗಳಲ್ಲಿ ಬೇಡವೆಂದು ಮುಂದೂಡಿದೆ. ಇಂದು ಐದು ತಾಸು ನಿಂತಿತು, ಅಷ್ಟರಲ್ಲೇ ಹೊಳೆ ಏರಿತು. ಆ ಪ್ಯಾಕೆಟ್ ಯಾರು ಕಳಿಸಿದರೋ ಗೊತ್ತಿಲ್ಲ.

ಮಧ್ಯಾಹ್ನ ಹೊಳೆಮಣ್ಣೂರಿನ ಮುತ್ತಣ್ಣ ಫೋನ್ ಮಾಡಿದರು.

"ಮೆಸೇಜ್ ಬರ್ಲಿಲ್ರಿ ಅಕ್ಕಾರ. ಅವ್ವನ್ನ ಹೆಗಲ ಮ್ಯಾಲ ಹೊತ್ಕೊಂಡ್ ಬಂದೆ. ಎಮ್ಮಿ ಬಿಚ್ಚಾಕ ಆಗ್ಲಿಲ್ಲ, ಎರಡೂ ಹೋದುವು. ಮಷಿನ್ ಕೆಟ್ಟಿತ್ತೇನ್ರಿ?"

"ಹೌದ್ರಿ," ಎಂದು ಫೋನ್ ಇಟ್ಟೆ. ಊಟ ಮಾಡಿದೆ, ರುಚಿ ತಿಳಿಯಲಿಲ್ಲ. ಅಳು ಬರುತ್ತದೆ ಎಂದುಕೊಂಡೆ, ಅದೂ ಬರಲಿಲ್ಲ.

ಸಂಜೆ ನಾನೇ ಫೋನ್ ಮಾಡಿದೆ. "ಮಷಿನ್ ತಾನಾಗೇ ಕೆಟ್ಟಿದ್ದಲ್ರಿ. ಸರಿ ಮಾಡೋದು ನನ್ನ ಕೈಯಾಗ ಇತ್ತು. ನಾ ಮಾಡ್ಲಿಲ್ಲ."

ಆ ಕಡೆ ಅವರ ತಾಯಿ ಕೆಮ್ಮುವುದು ಕೇಳುತ್ತಿತ್ತು.

"ಈಗ ನಡ್ಯಾಕತ್ತೈತೇನ್ರಿ?" ಎಂದರು.

"ಹೌದ್ರಿ, ನಡದದ."

"ಹಂಗಾರ ನೀರು ಎಷ್ಟೈತಿ ನೋಡಿ ಹೇಳ್ರಿ. ಕತ್ತಲಾಗೂದ್ರಾಗ ಮನಿಗೆ ಹೋಗಿ ಉಳದ ಸಾಮಾನ ತರಬೇಕು."

ನೋಡಿದೆ. ಇಳಿಯುತ್ತಿದೆ ಎಂದೆ. ಅವರು ನಂಬಿ ಹೊರಟರು. ಬೈದಿದ್ದರೆ ನನಗೆ ಏನಾದರೂ ಅನಿಸುತ್ತಿತ್ತೇನೋ.