ಕುರ್ಚಿಯ ಸುತ್ತ ಒಂದು ಚಂದ್ರ

ಮಾರ್ಚ್ ೧೨, ಗುರುವಾರ

ಪ್ರದರ್ಶನದ ನಂತರ ನಾನು ನಡೆಸುವ ಪ್ರಶ್ನೋತ್ತರ ಮುಂದಿನ ವಾರದಿಂದ ಬೇಡವಂತೆ. ತಾರಾಲಯದ ಹೊಸ ಮ್ಯಾನೇಜರ್ ಬೆಳಿಗ್ಗೆಯೇ ಕರೆದು ಹೇಳಿದರು: “ದಿನಾ ಅದೇ ಪ್ರಶ್ನೆ, ಅದೇ ಉತ್ತರ. ರೆಕಾರ್ಡ್ ಮಾಡಿ ಹಾಕಿದ್ರೆ ಆಯ್ತಲ್ಲಮ್ಮ.” ಪ್ರಶ್ನೆ ಅದೇ, ನಿಜ. ಕೇಳುವವರೂ ದಿನಾ ಅದೇ ಜನಾನಾ? ಸಿಟ್ಟು ಇನ್ನೂ ಇಳಿದಿಲ್ಲ.

ಮಧ್ಯಾಹ್ನದ ಪ್ರದರ್ಶನಕ್ಕೆ ಗಂಡನೊಂದಿಗೆ ಬಂದಿದ್ದ ಅಜ್ಜಿಯೊಬ್ಬರು ಕೈಯೆತ್ತಿದರು. “ಚಂದ್ರನ ಒಂದೇ ಮುಖ ನಮಗೆ ಕಾಣೋದು ಅಂದ್ರಲ್ಲ, ಹಾಗಾದ್ರೆ ಅವನು ತನ್ನ ಸುತ್ತ ತಾನು ತಿರುಗೋದೇ ಇಲ್ವಾ?”

“ತಿರುಗಲ್ಲ ಕಣೇ, ಸುಮ್ನೆ ಕೂತ್ಕೋ,” ಎಂದರು ತಾತ.

ನನ್ನ ತಿರುಗುವ ಕುರ್ಚಿಯನ್ನು ನಡುವೆ ತಂದು ತಾತನನ್ನೇ ಭೂಮಿ ಮಾಡಿ ಕೂರಿಸಿದೆ. “ಅಜ್ಜಿ, ನೀವು ಚಂದ್ರ. ಇವರ ಕಡೆಗೇ ಮುಖ ಮಾಡ್ಕೊಂಡು ಒಂದು ಸುತ್ತು ಬನ್ನಿ.”

ಅಜ್ಜಿ ಸೆರಗು ಬಿಗಿದುಕೊಂಡು ಅಡ್ಡಡ್ಡ ಹೆಜ್ಜೆ ಹಾಕಿದರು. ತಾತನೂ ಕುರ್ಚಿ ತಿರುಗಿಸುತ್ತ ಅವರನ್ನೇ ನೋಡುತ್ತಿದ್ದರು. ಅರ್ಧ ಸುತ್ತಿಗೇ ಅಜ್ಜಿ ನಿಂತುಬಿಟ್ಟರು.

“ಆಗ ಬಾಗಿಲು ನನ್ನ ಎದುರಿಗಿತ್ತು, ಈಗ ಬೆನ್ನ ಹಿಂದಿದೆ. ನಾನೂ ತಿರುಗಿದೀನಿ!”

“ಎಲ್ಲಿ ತಿರುಗಿದೆ? ನನಗೆ ನಿನ್ನ ಮುಖಾನೇ ಕಾಣ್ತಿತ್ತಲ್ಲ.”

“ನಡುವೆ ಕೂತವರಿಗೆ ಹಾಗೇ ಕಾಣೋದು,” ಎಂದರು ಅಜ್ಜಿ.

ಎಲ್ಲರೂ ಗೊಳ್ಳೆಂದು ನಕ್ಕರು. ತಾತನೂ ನಕ್ಕರು, ಸ್ವಲ್ಪ ತಡವಾಗಿ.

ಇದನ್ನು ಯಾವ ರೆಕಾರ್ಡು ಹೇಳೀತು? ಕಣ್ಣು ಎಳೆಯುತ್ತಿದೆ. ನಾಳೆ ವಾದಕ್ಕೆ ನಿಲ್ಲುವುದಿಲ್ಲ. ‘ದಿನಾ ಅದೇ’ ಎಂದ ಮ್ಯಾನೇಜರನ್ನು ಆ ಕುರ್ಚಿಯಲ್ಲಿ ಕೂರಿಸಿ, ನಾನೇ ಒಂದು ಸುತ್ತು ಬರುತ್ತೇನೆ.