ಐವತ್ತೈದು ಪರ್ಸೆಂಟ್

ಮಾರ್ಚ್ 3, ಸೋಮವಾರ. ಸಂಜೆ 6

ಇವತ್ತು ಐದು ಮನೆ. ಟೇಪು ಮತ್ತೆ ಸಿಕ್ಕಿಕೊಳ್ಳುತ್ತಿದೆ, ಎರಡು ಮೀಟರ್ ದಾಟಿದರೆ ಒಳಗೆ ಹೋಗುವುದಿಲ್ಲವೆಂದು ಹಟ. ಮನೆ ದುರಸ್ತಿ ಅನುದಾನಕ್ಕೆ ಅರ್ಜಿ ಹಾಕಿದವರ ಮನೆಗೆ ಹೋಗಬೇಕು, ಅಳೆಯಬೇಕು, ಫಾರ್ಮ್ ತುಂಬಬೇಕು. ಮೂರು ತಿಂಗಳಿಂದ ಇದೇ. ಕೂತಲ್ಲಿ ನಿಂತಲ್ಲಿ ಗೋಡೆಗಳೇ ಕಾಣುತ್ತವೆ.

ಕೊನೆಯದು ಟೈಲರಮ್ಮನ ಮನೆ. ಗಂಡ ತೀರಿಕೊಂಡಿದ್ದಾನೆ. ಅವಳು, ಹತ್ತನೇ ಕ್ಲಾಸಿನ ಮಗಳು, ಒಂದು ಹೊಲಿಗೆ ಮಷೀನು. ನಾನು ಬರುತ್ತೇನೆಂದು ಗೋಡೆಗೆಲ್ಲ ಸುಣ್ಣ ಬಳಿದಿದ್ದಾಳೆ! ಹಿಂದಿನ ಕೋಣೆಯ ಗೋಡೆಗೆ ಬೀರು ಅಡ್ಡ. ಸರಿಸಿ ಅಂದೆ. ಒಲ್ಲದ ಮನಸ್ಸಿನಿಂದ ಸರಿಸಿದಳು. ಬಿರುಕು... ನನ್ನ ಅಂಗೈ ಪೂರ್ತಿ ಒಳಗೆ ಹೋಯಿತು.

"ಯಾಕಮ್ಮ ಮುಚ್ಚಿಟ್ರಿ? ಇದನ್ನ ನೋಡೋಕೇ ಅಲ್ವಾ ನಾನು ಬಂದಿರೋದು?"

"ಬಂದೋರ ಮುಂದೆ ಹರಿದಿದ್ದು ಹಾಕ್ಕೊಂಡು ನಿಲ್ಲೋಕಾಗುತ್ತಾ ಮೇಡಂ? ಅದೂ ಟೈಲರ್ ಆಗಿ?"

ನಕ್ಕೆವು, ಇಬ್ಬರೂ. ಆಮೇಲೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟೆ. ಗೋಡೆ ಒಂಬತ್ತು ಸೆಂಟಿಮೀಟರ್ ಹೊರಕ್ಕೆ ವಾಲಿದೆ. ನಗು ನಿಂತಿತು. ನನ್ನದು ಮಾತ್ರ.

ಹದಿನಾಲ್ಕನೇ ಕಾಲಂ: ಹಾನಿ ಎಷ್ಟು ಪರ್ಸೆಂಟ್? ಅರವತ್ತು ದಾಟಿದರೆ 'ದುರಸ್ತಿಗೆ ಯೋಗ್ಯವಲ್ಲ'. ಅಂಥವರಿಗೆ ಅನುದಾನವಿಲ್ಲ. ಹೊಸ ಮನೆ ಕಟ್ಟಿಕೊಡುವ ಯೋಜನೆ ಹೋದ ವರ್ಷವೇ ಮುಚ್ಚಿದೆ. ಅಂದರೆ ಮನೆ ತೀರಾ ಹಾಳಾಗಿದ್ದರೆ ಏನೂ ಸಿಗುವುದಿಲ್ಲ. ಯಾವ ಪುಣ್ಯಾತ್ಮ ಮಾಡಿದ ರೂಲೋ.

ನನ್ನ ಅಂದಾಜು ಎಪ್ಪತ್ತೆರಡು. ಕಾಲಂ ಖಾಲಿ ಬಿಟ್ಟು ಬಂದೆ.

ಮಾರ್ಚ್ 4

ಬೆಳಿಗ್ಗೆ ತಿಂಡಿ ಬಡಿಸುತ್ತಾ ಇವರಿಗೆ ಹೇಳಿದೆ. "ಕಮ್ಮಿ ಬರೆದ್ರೆ ಅವಳಿಗೆ ಸಿಗುತ್ತೆ, ನಿಜ ಬರೆದ್ರೆ ಸಿಗಲ್ಲ. ಇದ್ರಲ್ಲಿ ಯೋಚ್ನೆ ಮಾಡೋದೇನಿದೆ?" ಅಂದರು. ಪೇಪರಿನಿಂದ ತಲೆ ಎತ್ತದೆ.

ಆಫೀಸಿನಲ್ಲಿ ಸಾಹೇಬರು. "ಒಂದು ಫಾರ್ಮ್‌ಗೋಸ್ಕರ ಇಡೀ ಲಿಸ್ಟ್ ನಿಂತಿದೆ ಮೇಡಂ. ಐವತ್ತೈದು ಅಂತ ಹಾಕಿ. ನಿಮ್ಮ ಗಂಟೇನು ಹೋಗುತ್ತೆ?"

ಹಾಕಿದೆ. ಪೆನ್ನು ಚೆನ್ನಾಗಿಯೇ ಬರೆಯಿತು.

ಮಾರ್ಚ್ 21

ಲಿಸ್ಟ್ ಬಂತು. ಟೈಲರಮ್ಮನ ಹೆಸರಿದೆ. ಆಫೀಸಿಗೇ ಬಂದಳು. ಎಲ್ಲರೆದುರು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು. ಕೆಲಸವಿದೆ ಎಂದು ಸುಳ್ಳು ಹೇಳಿ ಬಾತ್‌ರೂಮಿಗೆ ಹೋಗಿ ನಿಂತೆ. ನಲ್ಲಿ ಬಿಟ್ಟುಕೊಂಡು.

ಮಾರ್ಚ್ 22

ಇಷ್ಟು ವರ್ಷ ನಿಂತ ಗೋಡೆ. ನಿಲ್ಲುತ್ತದೆ.

ಏಪ್ರಿಲ್ 7, ಸೋಮವಾರ

ಹದಿನೈದು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಅಂತಲ್ಲ.

ಟೈಲರಮ್ಮನ ಮನೆ ಕೆಲಸ ಶುರು. ನೋಡಿ ಬರಲು ಹೋದೆ. ಮಂಜೂರಾಗಿರುವುದು ಚಾವಣಿಗೆ ಹೊಸ ಶೀಟು, ಪ್ಲಾಸ್ಟರು, ಕಿಟಕಿ. ಮೇಸ್ತ್ರಿ ಏಣಿ ಹತ್ತಿದವರು ಹಾಗೇ ಇಳಿದು ಬಂದರು. ಬೀಡಿ ಹಚ್ಚಿದರು.

"ಈ ಗೋಡೆ ಮೇಲೆ ಹೊಸ ಭಾರ ಹೊರಿಸ್ಬೇಕಂತೆ! ಐವತ್ತೈದು ಪರ್ಸೆಂಟ್ ಅಂತೆ! ಹಂಗಂತ ಬರೆದೋನ್ನ ಕರ್ಕೊಂಡ್ಬಂದು ಒಂದು ವಾರ ಇದರ ಬುಡದಲ್ಲೇ ಮಲಗಿಸ್ಬೇಕು ಮೇಡಂ."

ಬರೆದೋನು. ಗಂಡಸು ಅಂದುಕೊಂಡಿದ್ದಾರೆ. ನಾನು ತಲೆಯಾಡಿಸಿದೆ. ನಿಜವಾಗಿಯೂ... ಹೌದು ಹೌದು ಅನ್ನುವ ಹಾಗೆ ತಲೆಯಾಡಿಸಿದೆ.

ಹೊರಡುವಾಗ ಒಳಗೆ ನೋಡಿದೆ. ಮಗಳು ಆ ಗೋಡೆಗೇ ಒರಗಿ ಕೂತು ಪರೀಕ್ಷೆಗೆ ಓದುತ್ತಿದ್ದಳು.

ಏಪ್ರಿಲ್ 8. ಬೆಳಿಗ್ಗೆ 11

ಹೋಗಿ ಹೇಳಿಬಿಟ್ಟೆ. ಬಾಗಿಲಲ್ಲಿ ನಿಂತೇ. "ಐವತ್ತೈದು ಅಂತ ಬರೆದಿದ್ದು ನಾನು. ನನ್ನ ಅಂದಾಜು ಎಪ್ಪತ್ತೆರಡಿತ್ತು. ಹಿಂದಿನ ಗೋಡೆ ಯಾವಾಗ ಬೇಕಾದ್ರೂ ಬೀಳಬಹುದು."

ಟೈಲರಮ್ಮ ಮಷೀನು ನಿಲ್ಲಿಸಿದಳು. ನೂಲು ಕತ್ತರಿಸಿದಳು. ಅಳುತ್ತಾಳೆ ಅಂದುಕೊಂಡಿದ್ದೆ.

"ಕೊಡಲ್ಲ ಅಂತ ಬರೀರಿ, ಕೊಡ್ತೀನಿ ಅಂತ ಬರೀರಿ. ಅದು ನಿಮ್ಮ ಆಫೀಸಿನ ವಿಷಯ. ಆದ್ರೆ ನನಗೊಂದು ಮಾತು ಹೇಳ್ಬೇಕಿತ್ತಲ್ಲ? ಒಂದು ತಿಂಗಳಾಯ್ತು ಮೇಡಂ. ನನ್ನ ಮಗಳ ಹಾಸಿಗೆ ಇರೋದು ಅಲ್ಲಿ."

ಮೇಸ್ತ್ರಿ ನನ್ನತ್ತ ನೋಡಲೂ ಇಲ್ಲ, ಬೀರು ಎತ್ತಲು ಹೋದರು. ನಾನೂ ಒಂದು ಕಡೆ ಕೈ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ. ಮಷೀನು, ಹಾಸಿಗೆ, ಪುಸ್ತಕ ಎಲ್ಲ ಪಕ್ಕದ ಮನೆ ವರಾಂಡಕ್ಕೆ ಸಾಗಿಸಿದೆವು.

ಮೇಸ್ತ್ರಿ ಆಮೇಲೆ ಗೋಡೆಗೆ ಹೇಳುವ ಹಾಗೆ ಹೇಳಿದರು: ಹಿಂದಿನ ಕೋಣೆ ಬಿಟ್ಟುಬಿಡಬೇಕು. ನಡುವೆ ಹೊಸ ಗೋಡೆ ಎಬ್ಬಿಸಿ ಮುಂದಿನ ಎರಡು ಕೋಣೆ ಉಳಿಸಿಕೊಳ್ಳಬಹುದು. ಅನುದಾನ ಅಷ್ಟಕ್ಕೆ ಸಾಲುತ್ತದೆ. ಆದರೆ ಎಸ್ಟಿಮೇಟ್ ಬದಲಾಗಬೇಕು. ಬದಲಾಗಬೇಕಾದರೆ ಮೊದಲಿನದು ತಪ್ಪು ಎಂದು ಯಾರಾದರೂ ಸಹಿ ಹಾಕಬೇಕು.

ಏಪ್ರಿಲ್ 9

ಹಾಕಿದೆ.

ಸಾಹೇಬರು ಓದಿ ಕಾಗದವನ್ನು ನನ್ನ ಕಡೆಗೇ ತಳ್ಳಿದರು. "ಇದು ಫೈಲಿಗೆ ಹೋದ್ರೆ ನಿಮ್ಮ ಕಾಂಟ್ರ್ಯಾಕ್ಟ್ ಉಳಿಯಲ್ಲ. ನಾನಂತೂ ಐವತ್ತೈದು ಅಂತ ಹೇಳೇ ಇಲ್ಲ, ನೆನಪಿರ್ಲಿ."

ಮೊದಲ ಸಲ ಅವರ ಮೇಲೆ ಸಿಟ್ಟು ಬರಲಿಲ್ಲ. ಬರೆದ ಕೈ ಅವರದಲ್ಲವಲ್ಲ. ಕಾಗದ ಎತ್ತಿಕೊಂಡು ನೇರ, ಬಂದ ಕಾಗದ ದಾಖಲಿಸುವ ಇನ್‌ವರ್ಡ್ ಗುಮಾಸ್ತರ ಬಳಿ ಹೋಗಿ ಸೀಲು ಹೊಡೆಸಿದೆ.

ಮನೆಯಲ್ಲಿ ಹೇಳಿದೆ. ಇವರು ಪೇಪರು ಎತ್ತಿಕೊಂಡು ಎದ್ದು ಹೋದರು.

ಏಪ್ರಿಲ್ 12, ಶನಿವಾರ. ಮಧ್ಯಾಹ್ನ 3

ಮೇಸ್ತ್ರಿ ಫೋನ್ ಮಾಡಿದ್ದರು. ಬಿತ್ತು.

ಯಾರೂ ಮುಟ್ಟಲಿಲ್ಲವಂತೆ. ಗಾಳಿಯೂ ಇರಲಿಲ್ಲವಂತೆ. ಒಳಗೆ ಯಾರೂ ಇರಲಿಲ್ಲ. ಮೂರು ಸಲ ಕೇಳಿದೆ. "ಇರ್ಲಿಲ್ಲ ಮೇಡಂ, ಇರ್ಲಿಲ್ಲ" ಅಂದರು, ಮಗುವಿಗೆ ಹೇಳುವ ಹಾಗೆ.

ಇವರು ಅಡುಗೆಮನೆಯಿಂದ ಬಂದು ಏನಾಯ್ತು ಅಂದರು. ಹೇಳಿದೆ. ಪಕ್ಕದಲ್ಲಿ ಕೂತರು. ಈ ಸಲ ಎದ್ದು ಹೋಗಲಿಲ್ಲ.

ಏಪ್ರಿಲ್ 16

ಹೊಸ ಎಸ್ಟಿಮೇಟ್ ಪಾಸಾಗಿದೆ. ಗೋಡೆ ಬಿದ್ದ ಮೇಲೆ ಬೇಡವೆನ್ನುವ ಧೈರ್ಯ ಯಾರಿಗಿತ್ತು. ಟೈಲರಮ್ಮನಿಗೆ ಎರಡು ಕೋಣೆ ಉಳಿದವು. ಫೋನಿನಲ್ಲಿ ತಿಳಿಸಿದೆ. "ಸರಿ" ಅಂದಳು. ಅಷ್ಟೇ.

ನನಗೊಂದು ನೋಟಿಸು. ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ, ಅದು ಗೊತ್ತಿದ್ದದ್ದೇ. ಕೆಳಗೆ ಒಂದು ಪ್ರಶ್ನೆ: ಇನ್ನೆಷ್ಟು ಮನೆಗಳಿಗೆ ಹೀಗೆ ಬರೆದಿದ್ದೀರಿ?

'ಇದೊಂದಕ್ಕೇ' ಎಂದು ಬರೆದೆ. ಮಡಚಿ ಕವರಿಗೆ ಹಾಕಿದೆ. ಸಂಜೆ ಬಟ್ಟೆ ಮಡಚುವಾಗ ನೆನಪಾಯಿತು... ಜನವರಿ. ಕಾಲುವೆ ಆಚೆಯ ಕ್ಷೌರಿಕನ ಮನೆ. ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಹಿಂಭಾಗಕ್ಕೆ ಹೋಗಲೇ ಇಲ್ಲ, ಹೊರಗಿನಿಂದ ನೋಡಿ ನಲವತ್ತು ಎಂದು ಬರೆದೆ. ಕೆಲಸ ಮುಗಿದಿದೆ ಅಲ್ಲಿ. ಹೊಸ ಶೀಟು ಹೊದಿಸಿದ್ದಾರೆ. ಅತ್ತೆ, ಸೊಸೆ, ಎರಡು ಮಕ್ಕಳು.

ಕವರು ಹರಿದೆ.

ಏಪ್ರಿಲ್ 17. ಬೆಳಿಗ್ಗೆ 6.50

ಬಸ್ಸಿನಲ್ಲಿ. ಅಕ್ಷರ ಕುಣಿಯುತ್ತಿದೆ. ಏನೂ ಆಗಿರಲಿಕ್ಕಿಲ್ಲ. ಗೋಡೆ ಗಟ್ಟಿಯಾಗಿಯೇ ಇರಬಹುದು. ಇರಲಿ. ಈ ಸಲ ಹಿಂದಕ್ಕೆ ಹೋಗಿ ನೋಡುತ್ತೇನೆ, ನೋಡಿದ್ದನ್ನು ಮೊದಲು ಅವರಿಗೇ ಹೇಳುತ್ತೇನೆ, ಆಮೇಲೆ ಆಫೀಸಿಗೆ.

ಬಸ್ಸು ಕಾಲುವೆ ದಾಟಿತು. ಕಿಟಕಿಯಿಂದ ಕಾಣುತ್ತಿದೆ, ಸೊಸೆ ಅಂಗಳದಲ್ಲಿದ್ದಾಳೆ. ನನ್ನ ಗುರುತು ಹಿಡಿದಳು, ನಗುತ್ತಾ ಅತ್ತೆಯನ್ನು ಕೂಗುತ್ತಿದ್ದಾಳೆ, ನಾನು ಯಾಕೆ ಬಂದೆನೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ಇಳಿಯುತ್ತೇನೆ.