ಹಿಂದಿನ ಬ್ರೇಕು ಬಿಚ್ಚಿದ ಮೇಲೆ

ಪಾಂಡವಪುರ
೧೪-೧೧-೧೯೯೪, ಸೋಮವಾರ

ಪ್ರೀತಿಯ ಗೌರೀ,

ಮೊಣಕಾಲಿನ ಊತ ಇಳಿಯಿತಾ? ನಾಗಮಂಗಲದ ಡಾಕ್ಟರು ಕೊಟ್ಟ ಮುಲಾಮು ಎರಡು ಹೊತ್ತೂ ಹಚ್ಚು. ಒಂದು ಹೊತ್ತು ಹಚ್ಚಿ ಎರಡೂ ಆಯ್ತು ಅನ್ನೋ ನಿನ್ನ ಲೆಕ್ಕ ನನಗೆ ಗೊತ್ತು. ಅತ್ತೆಗೆ ಕೆಮ್ಮು ಹೇಗಿದೆ? ಇಲ್ಲಿ ಎಮ್ಮೆ ಹಾಲು ಕೊಡ್ತಾ ಇದೆ, ನಾನು ಅನ್ನ ಸೀಯಿಸ್ತಾ ಇದ್ದೀನಿ, ಮಿಕ್ಕಿದ್ದೆಲ್ಲ ಕ್ಷೇಮ.

ದೀಪಾವಳಿ ದಿನ ನೀನು ತವರಿಗೆ ಹೋದದ್ದು, ಇವತ್ತಿಗೆ ಹನ್ನೊಂದು ದಿನ. ಅವತ್ತು ತೊಣ್ಣೂರಿನ ಇಳಿಜಾರಿನಲ್ಲಿ ನಮ್ಮ ಹಳೇ ಕಾರು ನಿಲ್ಲದೆ ಹುಲ್ಲಿನ ಮೆದೆಗೆ ನುಗ್ಗಿದಾಗ, ಓಡಿಸ್ತಿದ್ದ ನಿನ್ನ ತಮ್ಮ ಕುಳ್ಳಯ್ಯನಿಗೆ ಹಿಂದಿನ ಸೀಟಿನಲ್ಲಿದ್ದ ನಾನು ಅಂದ ಮಾತು ಇಡೀ ರಸ್ತೆಗೆ ಕೇಳಿಸಿತು. "ಎತ್ತಿನ ಬಾಲ ತಿರುವೋನ ಕೈಗೆ ಸ್ಟೇರಿಂಗು ಕೊಟ್ನಲ್ಲ, ನನ್ ಬುದ್ಧಿಗಿಷ್ಟು!" ಪಾಪ, ಅವನು "ಬ್ರೇಕು ಒತ್ದೆ ಕಣ್ ಭಾವ" ಅಂದ. "ಒತ್ತಿದ್ದ, ನಾನೇ ನೋಡ್ದೆ" ಅಂತ ನೀನೂ ಅಂದೆ. ನಾನು ನಂಬಲಿಲ್ಲ. ಅಕ್ಕ ತಮ್ಮ ಇಬ್ಬರೂ ಅಲ್ಲಿಂದಲೇ ಬಸ್ಸು ಹತ್ತಿದಿರಿ.

ಮೊನ್ನೆ ಶುಕ್ರವಾರ ಹಿಂದಿನ ಬ್ರೇಕು ಬಿಚ್ಚಿದೆ. ನಿಜ ಹೇಳ್ತೀನಿ, ರಿಪೇರಿಗಲ್ಲ. ಬ್ರೇಕು ನೆಟ್ಟಗಿದೆ, ತಪ್ಪು ಕುಳ್ಳಯ್ಯನದೇ ಅಂತ ರುಜುವಾತು ಮಾಡೋಕೆ. ಸಾಕ್ಷಿಗೆ ಪಕ್ಕದ ಮನೆ ನಂಜಪ್ಪನನ್ನು ಕೂರಿಸಿಕೊಂಡೆ. ಲಾರಿ ಓಡಿಸೋದು ಬಿಟ್ಟ ಮೇಲೆ ಅವನಿಗೂ ಬೇರೆ ಕೆಲಸವಿಲ್ಲ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಏರಿಸಿ, ಹಿಂದಿನ ಚಕ್ರ ಕಳಚಿದೆ. ಬಿಚ್ಚಿದ ನಟ್ಟು, ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ನಿನ್ನ ಹಿತ್ತಾಳೆ ತಟ್ಟೇಲಿ ಜೋಡಿಸಿದೆ (ಬೈಬೇಡ, ತೊಳೆದಿಟ್ಟಿದ್ದೀನಿ). ಒಳಗೆ ಡಬರಿ ಬೋರಲು ಹಾಕಿದ ಹಾಗೆ ಒಂದು ಕಬ್ಬಿಣದ ಡ್ರಮ್ಮು. ಬ್ರೇಕೆಲ್ಲ ಅದರೊಳಗೇ. ಮರದ ಕೊಡತಿ ತಗೊಂಡು ಸುತ್ತಲೂ ಬಡಿದೆ, ಎಳೆದೆ, ಬೆವೆತೆ. ಜಗ್ಗಲಿಲ್ಲ. ನಂಜಪ್ಪ ಬೀಡಿ ಮುಗಿಸಿ, "ಹ್ಯಾಂಡ್‌ಬ್ರೇಕು ಬುಡಣ್ಣೋ. ಎಮ್ಮೆ ಕಟ್ಟಾಕ್ಬುಟ್ಟು ಬಾ ಬಾ ಅಂದ್ರೆ ಎಲ್ಲಿಂದ ಬಂದಾತು?" ಅಂದ.

ಹ್ಯಾಂಡ್‌ಬ್ರೇಕು ಬಿಟ್ಟು ಇನ್ನೆರಡು ಏಟು ಕೊಟ್ಟೆ. ಡ್ರಮ್ಮು ಕಳಚಿ ಕೈಗೆ ಬಂತು, ಜೊತೆಗೇ ಒಂದು ವಾಸನೆ ಬಂತು. ಹರಳೆಣ್ಣೆ! ಬ್ರೇಕಿನ ಪಟ್ಟಿಗಳು ದೀಪದ ಬತ್ತಿ ಹಾಗೆ ನೆನೆದು ಕೂತಿದ್ದವು. ನಂಜಪ್ಪ ಮೂಸಿ ನೋಡಿ, "ಯಾವ ಪಂಡಿತ್ನಣ್ಣೋ ಇವ್ನು? ಕಾರ್ಗೇನು ಬೇದಿ ಮಾಡುಸ್ಬೇಕಿತ್ತಾ?" ಅಂದ.

ಪಂಡಿತ ನಾನೇ ಕಣಮ್ಮಿ. ಇಪ್ಪತ್ತು ವರ್ಷ ಕಬ್ಬಿನ ಗಾಡಿ ಹೊಡೆದು ಮೇಲೆ ಬಂದವನು. ಆಯುಧಪೂಜೆಗೆ ಗಾಡಿ ತೊಳೆದು ಅಚ್ಚಿಗೆ ಹರಳೆಣ್ಣೆ ಬಿಡದಿದ್ದರೆ ಪೂಜೆ ಆಯಿತು ಅಂತ ನನಗೆ ಅನ್ನಿಸೋದೇ ಇಲ್ಲ. ಈ ಸಾರಿ ಕಾರು ತೊಳೆಯುವಾಗ ಹಿಂದಿನ ಚಕ್ರದೊಳಗೆ ಒಂದು ತೂತು ಕಂಡಿತು. ತಿರುಗೋ ಜಾಗದಲ್ಲಿ ತೂತು ಇದ್ದರೆ ಅದು ಎಣ್ಣೆಗೇ ಅಂದುಕೊಂಡು ಎರಡೂ ಕಡೆ ಧಾರಾಳವಾಗಿ ಬಿಟ್ಟೆ. ಆಮೇಲೆ ಕಾರು ಹೊರಗೆ ತೆಗೆದದ್ದು ದೀಪಾವಳಿ ದಿನವೇ. ಕುಳ್ಳಯ್ಯ ಬ್ರೇಕು ಒತ್ತಿದ್ದ. ಎಣ್ಣೆ ಕುಡಿದ ಪಟ್ಟಿ ಹಿಡಿಯಲಿಲ್ಲ.

ನಾಚಿಕೆ ಆಯ್ತು, ಸುಳ್ಳು ಹೇಳಲ್ಲ. ಆದರೆ ಅದಕ್ಕಿಂತ ನೆಮ್ಮದಿಯೇ ಹೆಚ್ಚು. ಮುಂದಿನ ಚಕ್ರದಲ್ಲೂ ತೂತು ಕಂಡಿದ್ದರೆ ಅಲ್ಲಿಗೂ ಬಿಡ್ತಿದ್ದೆ. ಮುಂದಿನ ಬ್ರೇಕು ಅಷ್ಟಿಷ್ಟು ಹಿಡಿದದ್ದಕ್ಕೆ ನಮಗೆ ಮೆದೆ ಸಿಕ್ಕಿತು, ಇಲ್ಲದಿದ್ದರೆ ಇಳಿಜಾರಿನ ಕೆಳಗಿನ ಕೆರೆಯೇ ಸಿಗ್ತಿತ್ತು. ಅದನ್ನು ನೆನೆದು ಡ್ರಮ್ಮು ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಂಡ್ಯದಿಂದ ಹೊಸ ಪಟ್ಟಿ ತಂದು, ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ಒರೆಸಿ ಹಾಕಿದ್ದಾಯ್ತು. ನಂಜಪ್ಪ ಅದೇ ಇಳಿಜಾರಿನಲ್ಲಿ ಮೂರು ಸಾರಿ ಇಳಿಸಿದ. ಒತ್ತಿದ ಕಡೆ ನಿಂತಿತು.

ಅತ್ತೆಗೆ ನನ್ನ ನಮಸ್ಕಾರ. ದೇವರು ನಿನ್ನ ಮೊಣಕಾಲನ್ನೂ ನನ್ನ ನಾಲಿಗೆಯನ್ನೂ ಹತೋಟಿಯಲ್ಲಿ ಇಡಲಿ.

ನಿನ್ನ ಯಜಮಾನ ಅನ್ನಿಸಿಕೊಂಡವನು,
ಚಿಕ್ಕಸ್ವಾಮಿ

ತಾ.ಕ.: ಈ ಕಾಗದ ಬಸ್ಸಿನಲ್ಲಿ ಕಳಿಸ್ತಾ ಇದ್ದೀನಿ, ಕಂಡಕ್ಟರು ಸೀಟಿ ಊದ್ತಾವ್ನೆ. ಇದನ್ನು ಅಂಗಳದಲ್ಲಿ, ನಾಲ್ಕು ಜನದ ಮುಂದೆ, ಕುಳ್ಳಯ್ಯನಿಗೆ ಗಟ್ಟಿಯಾಗಿ ಓದಿ ಹೇಳು. ರಸ್ತೇಲಿ ಬೈದವನು ಗುಟ್ಟಾಗಿ ತಪ್ಪು ಒಪ್ಪಿಕೊಂಡರೆ ಅದು ಒಪ್ಪಿಕೊಂಡಂತಲ್ಲ. ಕವರಿನೊಳಗೆ ಕಾರಿನ ಕೀ ಇದೆ, ಇರೋದು ಇದೊಂದೇ. ಅವನ ಕೈಗೆ ಕೊಡು. ಅವನು ನಿನ್ನನ್ನು ಕರ್ಕೊಂಡು ಬಂದು ಅದನ್ನು ತಿರುಗಿಸೋವರೆಗೂ ಕಾರು ನಿಂತಲ್ಲೇ ನಿಂತಿರ್ತದೆ. ನಾನೂ ಅಷ್ಟೇ.